ಪತ್ತನಾಜೆಗೆ ಮೊದಲು ನೆಡಬೇಕಾದ ಗಡ್ಡೆಗಳು

ಏಪ್ರಿಲ್ ಬಂತೆಂದರೆ ನರ್ಸರಿಗೆ ಜನ ಬರುವುದು ಕಡಿಮೆ. ಈ ಬಿಸಿಲಿಗೆ ಯಾರು ಗಿಡ ನೆಡುತ್ತಾರೆ, ಮಳೆ ಹಿಡಿಯಲಿ ನೋಡುವ ಅಂತ ಸುಮ್ಮನಾಗುತ್ತಾರೆ. ದಾಸವಾಳಕ್ಕೆ, ಕ್ರೋಟನ್‌ಗೆ ಆ ಲೆಕ್ಕ ಸರಿಯೇ. ಗಡ್ಡೆಯಿಂದ ಬರುವ ಹೂಗಿಡಗಳಿಗೆ ಮಾತ್ರ ಸರಿಯಲ್ಲ. ಅವುಗಳನ್ನು ನೆಡಲು ಮಂಗಳೂರು, ಉಡುಪಿ ಕಡೆ ಒಳ್ಳೆಯ ಸಮಯ ಏಪ್ರಿಲ್ ಮಧ್ಯದಿಂದ ಪತ್ತನಾಜೆವರೆಗೆ, ಅಂದರೆ ಹೆಚ್ಚುಕಮ್ಮಿ ಮೇ 24ರವರೆಗೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಆ ದಿನದ ಹೊತ್ತಿಗೆ ಗಡ್ಡೆ ಮಣ್ಣಿನೊಳಗೆ ಇರಬೇಕು.

ಕಾರಣ ಸರಳ. ಗಡ್ಡೆ ಗಿಡಕ್ಕೆ ವರ್ಷದಲ್ಲಿ ಕೆಲವು ತಿಂಗಳು ವಿಶ್ರಾಂತಿ ಬೇಕು. ಚಳಿ ದೇಶಗಳಲ್ಲಿ ಆ ವಿಶ್ರಾಂತಿ ಕೊಡುವುದು ಹಿಮ. ನಮ್ಮಲ್ಲಿ ಕೊಡುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ನೆಲ. ಹಾಗಾಗಿ ಟ್ಯುಲಿಪ್ ಇಲ್ಲಿ ಆಗುವುದಿಲ್ಲ. ಪ್ರತಿವರ್ಷ ಯಾರಾದರೂ ಆನ್‌ಲೈನಿನಲ್ಲಿ ತರಿಸಿಕೊಂಡು ಫೋಟೊ ಕಳಿಸುತ್ತಾರೆ. ಟ್ಯುಲಿಪ್‌ಗೆ ಸುಮಾರು 12ರಿಂದ 14 ವಾರ 9 ಡಿಗ್ರಿಗಿಂತ ಕಡಿಮೆ ಚಳಿ ಬೇಕು. ಮಂಗಳೂರಿನ ಜನವರಿ ರಾತ್ರಿಯೇ 20 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. ಫ್ರಿಜ್ಜಿನಲ್ಲಿಟ್ಟು ಒಂದು ವರ್ಷ ಹೂ ಬರಿಸಬಹುದು, ಮರುವರ್ಷ ಗಡ್ಡೆಯೇ ಉಳಿಯುವುದಿಲ್ಲ. ಆ ದುಡ್ಡಿಗೆ ಸಿಯಾಮ್ ಟ್ಯುಲಿಪ್ ಕೊಳ್ಳಿ. ಥಾಯ್ಲೆಂಡ್ ಕಡೆಯದು, ನಮ್ಮ ಅರಶಿನದ ಕುಲದ್ದೇ. ಈಗ ನೆಟ್ಟರೆ ಮಳೆಗಾಲದಲ್ಲಿ ಗುಲಾಬಿ ಬಣ್ಣದ ಹೂಗೊಂಚಲು ಕೊಡುತ್ತದೆ, ಚಳಿಗಾಲದಲ್ಲಿ ತಾನೇ ಒಣಗಿ ಮಲಗುತ್ತದೆ.

ಈ ಸಮಯಕ್ಕೆ ನನಗೆ ತುಂಬಾ ಇಷ್ಟದ್ದು ಫುಟ್‌ಬಾಲ್ ಲಿಲಿ. ಮೇ ಫ್ಲವರ್ ಅಂತಲೂ ಕರೆಯುತ್ತಾರೆ. ಮೂಲ ಆಫ್ರಿಕಾ. ಖಾಲಿ ಕಾಣುವ ಚಟ್ಟಿಗೆ ಬೇಸಿಗೆಯ ಮೊದಲ ಗುಡುಗು ಮಳೆ ಬಿದ್ದು ಕೆಲವು ದಿನಕ್ಕೆ ಮಣ್ಣು ಸ್ವಲ್ಪ ಬಿರಿಯುತ್ತದೆ. ಬುಡದಲ್ಲಿ ಕೆಂಪು ಚುಕ್ಕೆಯಿರುವ ದಪ್ಪ ದಂಟು ಮೇಲೆ ಬರುತ್ತದೆ, ಒಂದೇ ಒಂದು ಎಲೆ ಇಲ್ಲದೆ. ತುದಿಯ ಮೊಗ್ಗು ಒಡೆದಾಗ ಒಳಗೆ ನೂರಾರು ಸಣ್ಣ ಹೂ, ಅವುಗಳಿಂದ ಹೊರಗೆ ಚಾಚಿದ ಕೇಸರಗಳು. ಎಲ್ಲ ಸೇರಿ ಕೆಂಪು ಚೆಂಡು. ಒಂದು ವಾರ ಇರುತ್ತದೆ, ಮೋಡ ಇದ್ದರೆ ಇನ್ನೆರಡು ದಿನ ಜಾಸ್ತಿ.

ಇದರ ಬಗ್ಗೆ ಬರುವ ದೂರು ಒಂದೇ. "ಎಂತ ಮಾರಾಯ್ರೆ, ಗೊಬ್ಬರ ಹಾಕಿ ಹಾಕಿ ಸಾಕಾಯ್ತು. ಬರೀ ಎಲೆ, ಹೂವೇ ಇಲ್ಲ!" ಹೋಗಿ ನೋಡಿದರೆ ಹೆಚ್ಚಿನ ಕಡೆ ಇದೂ ಉಳಿದ ಗಿಡಗಳ ಜೊತೆ ಡ್ರಿಪ್ ಪೈಪಿನ ಸಾಲಿನಲ್ಲೇ ಇರುತ್ತದೆ. ಜನವರಿಯಲ್ಲೂ ದಿನಾ ನೀರು. ಮಲಗಲು ಬಿಡದೆ ಏಳು ಅಂದರೆ ಅದಾದರೂ ಹೇಗೆ ಏಳಬೇಕು? ಇನ್ನು ಕೆಲವರು ಹೂ ಬಾಡಿದ ಕೂಡಲೇ ಚಟ್ಟಿಯನ್ನು ಹಿತ್ತಲಿನ ಕತ್ತಲೆ ಮೂಲೆಗೆ ಸಾಗಿಸುತ್ತಾರೆ, ಇಲ್ಲವೇ ಚಂದ ಕಾಣುವುದಿಲ್ಲ ಅಂತ ಎಲೆ ಕತ್ತರಿಸುತ್ತಾರೆ. ಮುಂದಿನ ವರ್ಷದ ಹೂವಿಗೆ ಆಹಾರ ಕೂಡಿಡುವುದು ಈ ವರ್ಷದ ಎಲೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಎಲೆಗೆ ಬೆಳಕು ಸಿಗಬೇಕು, ಗೊಬ್ಬರ ಕೊಡುವುದಿದ್ದರೂ ಆಗಲೇ. ಬಾಡಿದ ಹೂದಂಟನ್ನು ಮಾತ್ರ ತೆಗೆಯಿರಿ. ಮೂರು ನಾಲ್ಕು ವರ್ಷ ಚಟ್ಟಿ ಬದಲಿಸಲೂ ಬೇಡಿ, ಬೇರು ಅಲುಗಿದರೆ ಇದು ಮುನಿಸಿಕೊಳ್ಳುತ್ತದೆ. ತುಳಸಿಕಟ್ಟೆಯ ಪಕ್ಕ ಬೆಳೆಸುವ ದೊಡ್ಡ ಕೆಂಪು ಲಿಲಿಗೂ (ಅಂಗಡಿಯವರು ಅಮರಿಲ್ಲಿಸ್ ಅಂತ ಮಾರುವುದು ಅದನ್ನೇ) ಇದೇ ಮಾತು.

ನೆಲಸಂಪಿಗೆ ಇನ್ನೊಂದು. ನೋಡಿದವರು ಕಡಿಮೆ, ಯಾಕೆಂದರೆ ಬಗ್ಗಿ ನೋಡಬೇಕು. ಎಲೆ ಬರುವ ಮೊದಲೇ, ಬೋಳು ನೆಲಕ್ಕೆ ಅಂಟಿಕೊಂಡಂತೆ ಬಿಳಿ ಎಸಳು, ನೇರಳೆ ತುಟಿಯ ಹೂ ಬೆಳಿಗ್ಗೆ ಅರಳುತ್ತದೆ. ಒಳ್ಳೆಯ ಪರಿಮಳ. ಸಂಜೆಗೆ ಮುಗಿಯಿತು. ಮರುದಿನ ಪಕ್ಕದಲ್ಲೇ ಇನ್ನೊಂದು. ಹೂವಿನ ಕಾಲ ಮುಗಿದ ಮೇಲೆ ಬರುವ ಎಲೆಯೂ ನೋಡುವಂಥದ್ದೇ. ಮೇಲೆ ಬೆಳ್ಳಿ ಬಣ್ಣದ ಪಟ್ಟಿ, ಅಡಿಯಲ್ಲಿ ನೇರಳೆ. ಮಾವು, ಹಲಸಿನ ಮರದ ನೆರಳಿನಲ್ಲಿ ಸುಖವಾಗಿ ಇರುತ್ತದೆ. ಡಿಸೆಂಬರ್ ಬಂದರೆ ಎಲೆ ಮಾಯ. ಅಲ್ಲಿ ಗಿಡ ಇದೆ ಅನ್ನುವುದೇ ಮರೆತು, ಕೆಲಸಕ್ಕೆ ಬಂದವರು ಹಾರೆ ಹಾಕುತ್ತಾರೆ. ನೆಟ್ಟ ಜಾಗದಲ್ಲಿ ಒಂದು ಮುರಕಲ್ಲಿನ ತುಂಡು ಇಟ್ಟುಬಿಡಿ.

ಗೌರಿ ಹೂವಿನ ಬಳ್ಳಿಯನ್ನೂ ಈಗಲೇ ನೆಡಬೇಕು. ಗಡ್ಡೆ ಎರಡು ಕವಲಿನದು, ಕಟ್ಟಿಗೆಯಂತೆ ಪಟಕ್ಕನೆ ಮುರಿಯುತ್ತದೆ. ಮೊಳಕೆಯ ಕಣ್ಣು ಇರುವುದು ತುದಿಯಲ್ಲಿ ಮಾತ್ರ. ಆ ತುದಿ ಮುರಿದರೆ ಉಳಿದ ಗಡ್ಡೆ ಎಷ್ಟು ದಪ್ಪ ಇದ್ದರೂ ಪ್ರಯೋಜನವಿಲ್ಲ. ಮೂರು ಇಂಚು ಆಳದಲ್ಲಿ ಅಡ್ಡ ಮಲಗಿಸಿ. ಎಲೆಯ ತುದಿಯೇ ಸುರುಳಿಯಾಗಿ ಬೇಲಿ ಹಿಡಿದು ಹತ್ತುತ್ತದೆ. ಒಂದು ಎಚ್ಚರಿಕೆ: ಇದರಲ್ಲಿ ಕಾಲ್ಚಿಸಿನ್ ಎಂಬ ವಿಷ ಇದೆ, ಗಡ್ಡೆಯಲ್ಲಂತೂ ಜಾಸ್ತಿ. ಮಕ್ಕಳು, ನಾಯಿ ಓಡಾಡುವ ಅಂಗಳದಲ್ಲಿ ಬೇಡ. ಕೆಸು, ಶುಂಠಿ, ಗೆಣಸು ನೆಟ್ಟ ಕಡೆಯಂತೂ ಬೇಡವೇ ಬೇಡ, ಅಗೆಯುವಾಗ ಗುರುತು ತಪ್ಪಬಹುದು.

ಮಲ್ಪೆ, ಸುರತ್ಕಲ್‌ನಂತೆ ಕಡಲ ಗಾಳಿ ನೇರ ಬಡಿಯುವ ಕಡೆ ನಾಜೂಕಿನ ಗಿಡ ಬೇಡ. ದೊಡ್ಡ ಎಲೆಯ ಬಿಳಿ ಕ್ರೈನಮ್ ಲಿಲಿ ಉಪ್ಪಿಗೆ ಹೆದರುವುದಿಲ್ಲ. ಅದರ ಬೀಜ ಸಮುದ್ರದಲ್ಲೇ ತೇಲಿ ದಡ ಸೇರಿ ಮೊಳೆಯುತ್ತದೆ. ರೈನ್ ಲಿಲಿ ಬಗ್ಗೆ ಹೇಳಬೇಕಾದ್ದೇನೂ ಇಲ್ಲ, ಕಲ್ಲಿನ ಸಂದಿಯಲ್ಲೂ ಬರುತ್ತದೆ. ಒತ್ತೊತ್ತಾಗಿ ಇದ್ದಷ್ಟೂ ಹೂ ಜಾಸ್ತಿ, ಬಿಡಿಸಿ ನೆಡುವ ಅವಸರ ಬೇಡ.

ಇಷ್ಟು ಗಿಡಗಳಲ್ಲಿ ಯಾವುದೂ ನಮ್ಮ ಮೇ ಬಿಸಿಲಿಗೆ ಸಾಯುವುದಿಲ್ಲ. ಸಾಯುವುದು ಜುಲೈಯಲ್ಲಿ. ಕರಾವಳಿಗೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ನೀರು ನಿಂತರೆ ಗಡ್ಡೆ ಕೊಳೆಯಿತು. ಹಾಗಾಗಿ ಈಗ ಮಾಡಬೇಕಾದ ಮುಖ್ಯ ಕೆಲಸ ಮಣ್ಣಿನದು. ಎರಡು ಪಾಲು ಹೊಳೆಯ ಹೊಯಿಗೆ (ಮರಳು), ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಸುಡುಮಣ್ಣು ಅಥವಾ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ. ಕಡಲ ಹೊಯಿಗೆಯಲ್ಲಿ ಉಪ್ಪಿರುತ್ತದೆ, ಬೇಡ. ಹಸಿ ಸೆಗಣಿ ಬೇಡ. ಕೋಕೋಪೀಟ್ ಬೆಂಗಳೂರಿನ ಬಾಲ್ಕನಿಗೆ ಒಳ್ಳೆಯದಿರಬಹುದು, ನಮ್ಮ ಮಳೆಗೆ ಅದು ನೀರು ಹಿಡಿದುಕೊಂಡು ಕೂರುತ್ತದೆ. ನೆಲದಲ್ಲಾದರೆ ಒಂದಡಿ ಏರಿ ಮಾಡಿ, ಪಕ್ಕದಲ್ಲಿ ಕಣಿ ತೆಗೆಯಿರಿ. ಮಾಡಿನ ನೀರು ಬೀಳುವ ಸಾಲು ಬಿಟ್ಟು ನೆಡಿ. ಚಟ್ಟಿಯ ತಳಕ್ಕೆ ಜಲ್ಲಿ ತುಂಬುವುದರಿಂದ ದೊಡ್ಡ ಉಪಕಾರವೇನಿಲ್ಲ, ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ. ಅದರ ಬದಲು ಚಟ್ಟಿಯನ್ನು ಎರಡು ಹಂಚಿನ ಚೂರಿನ ಮೇಲೆ ಎತ್ತಿಡಿ. ಸಿಮೆಂಟ್ ಅಂಗಳಕ್ಕೆ ಅಂಟಿಕೊಂಡರೆ ತೂತು ಇದ್ದೂ ಇಲ್ಲದ ಹಾಗೆ. ನೀರು ನಿಲ್ಲುವ ಜಾಗವೇ ಇರುವುದು ಅಂತಾದರೆ ಅಲ್ಲಿಗೆ ಲಿಲಿ ಬಿಡಿ, ಸುರುಳಿ ಸುಗಂಧಿ ಹಾಕಿ. ಬಚ್ಚಲ ನೀರು ಹರಿಯುವಲ್ಲೂ ಅದು ಖುಷಿಯಾಗಿ ಬೆಳೆಯುತ್ತದೆ.

ಮಳೆಯ ನಡುವೆ ಲಿಲಿಯ ಎಲೆ ಕಾರಣವಿಲ್ಲದೆ ಹಳದಿಯಾದರೆ ಗಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ. ಗಟ್ಟಿ ಇದ್ದರೆ ಚಿಂತೆಯಿಲ್ಲ. ಮೆತ್ತಗಾಗಿ ಹುಳಿ ವಾಸನೆ ಬಂದರೆ ಕೂಡಲೇ ಅಗೆಯಿರಿ. ಕಂದು ಪದರಗಳನ್ನು ಒಂದೊಂದಾಗಿ ಸುಲಿದು ಬಿಳಿ ಸಿಗುವವರೆಗೆ ಹೋಗಿ. ಬೇರು ಹೊರಡುವ ತಳ ಗಟ್ಟಿ ಇದ್ದರೆ ಗಿಡ ಉಳಿಯುತ್ತದೆ. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಕಲಸಿದ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಹೊಸ ಹೊಯಿಗೆಯಲ್ಲಿ ಇಡಿ. ತಳವೇ ಮೆತ್ತಗಾಗಿದ್ದರೆ ಎಸೆಯಿರಿ, ಅದೇ ಮಣ್ಣಿಗೆ ಇನ್ನೊಂದು ಲಿಲಿ ಹಾಕಬೇಡಿ.

ಅದೇ ದಿನಗಳಲ್ಲಿ ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆಯ ಹುಳ ಲಿಲಿ ಮತ್ತು ಗೌರಿ ಹೂ ಎರಡಕ್ಕೂ ಬೀಳುತ್ತದೆ. ಗುಂಪು ಬಿದ್ದರೆ ಎಲೆಯನ್ನು ಬುಡದವರೆಗೆ ಮುಗಿಸುತ್ತದೆ. ಮದ್ದು ಬಿಡುವ ಮೊದಲು ಬೆಳಿಗ್ಗೆ ಕೈಯಿಂದಲೇ ಹೆಕ್ಕಿ ಸಾಬೂನು ನೀರಿಗೆ ಹಾಕಿ. ಮಳೆ ಬಿಟ್ಟ ದಿನ ಲೀಟರಿಗೆ 5 ಮಿಲಿ ಬೇವಿನೆಣ್ಣೆ ಸಾಕು. ಮಳೆ ಹೊಯ್ಯುವಾಗ ಏನು ಸಿಂಪಡಿಸಿದರೂ ಕಣಿಗೇ.

ಜನವರಿಯಲ್ಲಿ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗಲೋ, ನೆಂಟರ ಮನೆಯಿಂದಲೋ ತಂದ ಗಡ್ಡೆಗಳು ಇನ್ನೂ ಇದ್ದರೆ ಈಗ ತೆಗೆದು ನೋಡಿ. ಲಿಲಿಯದ್ದು ಪೇಪರಿನಲ್ಲಿ ಸುತ್ತಿಟ್ಟರೂ ನಡೆಯುತ್ತದೆ. ನೆಲಸಂಪಿಗೆ, ಗೌರಿ ಹೂ ಹಾಗೆ ಇಟ್ಟರೆ ಸುಕ್ಕಾಗುತ್ತವೆ, ಅವನ್ನು ಒಣ ಹೊಯಿಗೆಯಲ್ಲೇ ಹೂತಿಡಬೇಕು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಟ್ಟದ್ದಿದ್ದರೆ ಇವತ್ತೇ ಬಿಚ್ಚಿ.