ಕಾವ್ಯ, ಕವಿತೆ: ಎರಡೂ ಒಂದೇನಾ?

ಪ್ರಶ್ನೆ: ಕೆಲವರು ಕವಿತೆ ಅಂತಾರೆ, ಕೆಲವರು ಕಾವ್ಯ ಅಂತಾರೆ. ಎರಡೂ ಒಂದೇ ಅಲ್ವಾ?

ಮಾತಿನ ಮಧ್ಯೆ ಒಂದರ ಬದಲು ಇನ್ನೊಂದು ಬಂದರೂ ಯಾರೂ ತಪ್ಪು ಹಿಡಿಯುವುದಿಲ್ಲ. ಆದರೆ ಎರಡೂ ಒಂದೇ ಅಲ್ಲ.

ಕವಿತೆ ಒಂದು ಬಿಡಿ ಬರಹ. ಅದಕ್ಕೊಂದು ಶುರು, ಒಂದು ಕೊನೆ ಇರುತ್ತದೆ. ಬೇಕಾದರೆ ಎಣಿಸಬಹುದು. ಒಂದು ಸಂಕಲನದಲ್ಲಿ 40 ಕವಿತೆಗಳಿವೆ ಎನ್ನುತ್ತೇವೆ, 40 ಕಾವ್ಯಗಳಿವೆ ಎನ್ನುವುದಿಲ್ಲ. ಕಾವ್ಯ ಎನ್ನುವುದು ಆ ಕಲೆಗೆ ಒಟ್ಟಾರೆ ಹೆಸರು. ಮಾತಿನಲ್ಲಿ ಕಾಣಿಸುವ ಒಂದು ಗುಣಕ್ಕೂ ಅದೇ ಹೆಸರು. ತಕರಾರೆಲ್ಲ ಇರುವುದು ಈ ಗುಣದ ವಿಷಯದಲ್ಲೇ.

ಅಮರಕೋಶ ನೋಡಿ. ಪೂರ್ತಿ ಶ್ಲೋಕಗಳಲ್ಲಿದೆ, ಬಾಯಿಪಾಠಕ್ಕೆ ಸಲೀಸು. ಆದರೂ ಅದು ನಿಘಂಟು, ಕಾವ್ಯ ಅಲ್ಲ. 7ನೇ ಶತಮಾನದ ಬಾಣಭಟ್ಟ ಬರೆದ ‘ಕಾದಂಬರಿ’ ಎಂಬ ಹೆಸರಿನ ಸಂಸ್ಕೃತ ಕೃತಿ ಬಹುಪಾಲು ಗದ್ಯ. ಆದರೂ ಅದನ್ನು ಕಾವ್ಯ ಎನ್ನಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಗ್ರೀಸಿನ ಅರಿಸ್ಟಾಟಲ್ ಕೂಡ ಇದನ್ನೇ ಹೇಳಿದ್ದ: ಹೋಮರ್ ಮತ್ತು ಎಂಪೆಡೊಕ್ಲೀಸ್ ಇಬ್ಬರಿಗೂ ಸಮಾನವಾಗಿರುವುದು ಛಂದಸ್ಸು ಮಾತ್ರ, ಮೊದಲನೆಯವನು ಕವಿ, ಎರಡನೆಯವನನ್ನು ಪ್ರಕೃತಿ ವಿಚಾರ ಬರೆದವನು ಎನ್ನುವುದೇ ಸರಿ. ಕಾವ್ಯ ಎಂದರೇನು ಎಂದು ಸಂಸ್ಕೃತದಲ್ಲಿ ಚರ್ಚಿಸಿದ 14ನೇ ಶತಮಾನದ ವಿಶ್ವನಾಥ ಇನ್ನೂ ಚುಟುಕಾಗಿ ಮುಗಿಸಿದ: ‘ವಾಕ್ಯಂ ರಸಾತ್ಮಕಂ ಕಾವ್ಯಂ’. ರಸ, ಅಂದರೆ ಓದುವವರು ಸವಿಯುವ ಭಾವ, ತುಂಬಿದ ಮಾತೇ ಕಾವ್ಯ. ಪದ್ಯವೇ ಆಗಬೇಕು ಅಂತ ಅವನು ಷರತ್ತು ಹಾಕಲಿಲ್ಲ.

ಇದು ಓದುವಾಗ ಹೇಗೆ ಗೊತ್ತಾಗುತ್ತದೆ? ಸುಮ್ನೆ ಎರಡು ಸಾಲು ಕಟ್ಟಿ ನೋಡೋಣ.

ಮಗಳು ದೂರ ಹೋದಳು
ಮನಸ್ಸು ಭಾರವಾಯಿತು

ಸಾಲು ಮುರಿದಿದ್ದೇವೆ, ಪುಟದ ಮೇಲೆ ಕವಿತೆಯ ಹಾಗೇ ಕಾಣುತ್ತದೆ. ಆದರೆ ಇದು ಸುದ್ದಿ ಅಷ್ಟೇ. ಈಗ ಒಂದು ಗದ್ಯವಾಕ್ಯ: ‘ಅವಳ ಎತ್ತರ ಅಳೆದು ಗೋಡೆಗೆ ಎಳೆದ ಪೆನ್ಸಿಲ್ ಗೆರೆಗಳು ನನ್ನ ಭುಜದವರೆಗೆ ಬಂದು ನಿಂತಿವೆ.’ ಇಲ್ಲಿ ದುಃಖ ಎಂಬ ಮಾತೇ ಇಲ್ಲ. ಗೆರೆ ಯಾಕೆ ನಿಂತಿತು ಅಂತ ಓದುವವರೇ ಯೋಚಿಸಬೇಕು. ಯೋಚಿಸುತ್ತಲೇ ಏನೋ ಚುಚ್ಚುತ್ತದೆ. ಇದರಲ್ಲಿ ಕಾವ್ಯ ಜಾಸ್ತಿ ಇದೆ ಅಂತ ನನ್ನ ಲೆಕ್ಕ. ಪ್ರಾಸ ಕೂಡಿದ ಕೂಡಲೇ ಕವಿತೆಯಾಯಿತು ಅಂದುಕೊಳ್ಳುವವರಿಗೆ ಈ ಮಾತು ರುಚಿಸಲಿಕ್ಕಿಲ್ಲ!

ಕನ್ನಡದಲ್ಲಿ ಇನ್ನೊಂದು ಸಣ್ಣ ತೊಡಕಿದೆ. ಪಂಪ, ಕುಮಾರವ್ಯಾಸರ ದೊಡ್ಡ ಕೃತಿಗಳನ್ನೂ ನಾವು ಕಾವ್ಯ ಎಂದೇ ಕರೆಯುತ್ತೇವೆ. ಅಲ್ಲಿ ಮಾತ್ರ ‘ಎರಡು ಕಾವ್ಯ ಬರೆದ’ ಎಂದು ಎಣಿಸುವುದುಂಟು. ಚಂಪೂ ಕಾವ್ಯದಲ್ಲಂತೂ ಪದ್ಯದ ಜೊತೆ ಗದ್ಯವೂ ಸೇರಿರುತ್ತದೆ.

ಹಾಗಾದರೆ ಕಾವ್ಯಗುಣ ಇರುವ ಗದ್ಯವೆಲ್ಲ ಕವಿತೆಯೇ? ಅಲ್ಲ. ಕಾದಂಬರಿಯ ಒಂದು ಪುಟ ಎಷ್ಟೇ ಕಾವ್ಯಮಯವಾಗಿದ್ದರೂ ಅದು ಕಾದಂಬರಿಯ ಪುಟವೇ. ಕವಿತೆ ತನ್ನಷ್ಟಕ್ಕೆ ತಾನೇ ನಿಲ್ಲಬೇಕು. ಹಾಗೆ ನಿಲ್ಲುವುದಾದರೆ ಸಾಲು ಮುರಿಯಲೇಬೇಕೆಂದೂ ಇಲ್ಲ. ಫ್ರಾನ್ಸಿನ ಬೋದಿಲೇರ್ 19ನೇ ಶತಮಾನದಲ್ಲೇ ಗದ್ಯಕವಿತೆಗಳನ್ನು ಬರೆದ.