ಪದ ಪರಿಚಯ: ಆವೃತ್ತಿ (ಆವೃತಿ ಅಲ್ಲ)

ಹೋದ ವಾರ ಶಿರಸಿಯ ಗೆಳೆಯರೊಬ್ಬರು ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಕಳಿಸಿದರು. ಅವರದೇ ಕಥಾಸಂಕಲನ, ಅವರದೇ ಪ್ರಕಾಶನ. ದೊಡ್ಡ ಕೆಂಪು ಅಕ್ಷರದಲ್ಲಿ ‘ಎರಡೇ ತಿಂಗಳಲ್ಲಿ ಮೂರನೇ ಆವೃತಿ!’ ಅಂತ ಇತ್ತು. ಕೆಳಗೆ ಕ್ಯೂಆರ್ ಕೋಡ್. ಅದರ ಕೆಳಗೆ ‘ಹಣ ಹಾಕಿ ಸ್ಕ್ರೀನ್‌ಶಾಟ್ ಕಳಿಸಿ, ವಿಳಾಸ ಬರೆಯಲು ಮರೆಯಬೇಡಿ’. ಪುಸ್ತಕ ಹೋಗುತ್ತಿದೆ ಅಂತ ಖುಷಿ ಆಯಿತು. ಆ ಪದ ನೋಡಿ ಮಾತ್ರ ಹಲ್ಲು ಕಡಿದೆ. ಇಂಥ ಪೋಸ್ಟರ್ ಈ ವರ್ಷ ಎಷ್ಟು ನೋಡಿದೆನೋ ಲೆಕ್ಕ ಇಟ್ಟಿಲ್ಲ.

ಫೋನ್ ಮಾಡಿ ಕೇಳಿದೆ. ಮೊದಲು ನೂರು ಪ್ರತಿ ಹಾಕಿಸಿದ್ದರಂತೆ. ಆಮೇಲೆ ಐವತ್ತು. ಈಗ ಮತ್ತೆ ಐವತ್ತು. ‘ಒಳಗೆ ಏನು ಬದಲಾಗಿದೆ?’ ಅಂದೆ. ‘ಎಂತ ಬದಲಾಗಬೇಕಿತ್ತು ಮಾರಾಯಾ? ಮುಖಪುಟ ಬೇರೆ ಮಾಡಿಸಿದೆ’ ಅಂದರು.

ಒಂದೇ ಪದದಲ್ಲಿ ಎರಡು ತಪ್ಪು. ಒಂದು ಕಾಗುಣಿತದ್ದು, ಇನ್ನೊಂದು ಅರ್ಥದ್ದು. ತಮಾಷೆ ಏನೆಂದರೆ, ಎರಡೂ ಸೇರಿ ಅವರ ಪೋಸ್ಟರು ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು. ಹೇಗೆ ಅಂತ ಹೇಳುತ್ತೇನೆ.

‘ಆವೃತ್ತಿ’ ಬಂದಿದ್ದು ಸಂಸ್ಕೃತದ ‘ವೃತ್’ ಧಾತುವಿನಿಂದ. ಅದರ ಅರ್ಥ ತಿರುಗು, ಸುತ್ತು. ಧಾತುವಿನಲ್ಲೇ ಒಂದು ‘ತ್’ ಇದೆ, ಪ್ರತ್ಯಯದ್ದು ಇನ್ನೊಂದು ‘ತಿ’. ಹಾಗಾಗಿ ಒತ್ತಕ್ಷರ. ಆವರ್ತ, ಆವರ್ತನ, ವೃತ್ತ, ವರ್ತುಲ, ಪರಿವರ್ತನೆ, ನಿವೃತ್ತಿ ಎಲ್ಲ ಇದೇ ಮನೆಯ ಮಕ್ಕಳು. ಹೊಳೆಯ ಸುಳಿಗೆ ಹಳೆಯ ಕಾವ್ಯದಲ್ಲಿ ಆವರ್ತ ಅನ್ನುತ್ತಾರೆ. ತಾಳದ ಒಂದು ಸುತ್ತು ಮುಗಿದರೆ ಒಂದು ಆವರ್ತನ. ನಮ್ಮ ಕಡೆ ಮನೆಗಳಲ್ಲಿ ಅಥರ್ವಶೀರ್ಷದ ಸಹಸ್ರಾವರ್ತನ ಮಾಡಿಸುತ್ತಾರಲ್ಲ, ಅದೂ ಇದೇ. ಹೇಳಿದ್ದನ್ನೇ ಸಾವಿರ ಸಲ ಹೇಳುವುದು. ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಶಬ್ದದ ಪಾಠ ನೆನಪಿದೆಯಾ? ಸೆಕೆಂಡಿಗೆ ಎಷ್ಟು ಕಂಪನ ಅನ್ನುವುದಕ್ಕೆ ಅಲ್ಲೂ ‘ಆವೃತ್ತಿ’ ಅಂತಲೇ ಇತ್ತು.

‘ಆವೃತಿ’ಯ ಮನೆಯೇ ಬೇರೆ. ಅದರ ಧಾತು ‘ವೃ’, ಮುಚ್ಚು ಅಂತ ಅರ್ಥ. ಆವರಣ, ಆವೃತ ಇವೆಲ್ಲ ಆ ಕಡೆಯವು. ‘ದೇವಿಮನೆ ಘಟ್ಟ ಮಂಜಿನಿಂದ ಆವೃತವಾಗಿದೆ’ ಅಂತ ಬರೆಯುವಾಗ ಒತ್ತು ಹಾಕುವುದಿಲ್ಲ, ಅಲ್ವಾ? ಅದೇ ಇದು. ಮುಚ್ಚಿದ್ದನ್ನು ತೆಗೆದರೆ ಅನಾವರಣ. ಇದು ಆನ್‌ಲೈನ್ ಲೇಖಕರಿಗೆ ಚೆನ್ನಾಗಿ ಗೊತ್ತಿರುವ ಪದ. ಪುಸ್ತಕ ಬರುವ ಒಂದು ತಿಂಗಳ ಮೊದಲೇ ಫೇಸ್‌ಬುಕ್ಕಿನಲ್ಲಿ ‘ಮುಖಪುಟ ಅನಾವರಣ’ ಮಾಡುತ್ತಾರಲ್ಲ.

ಅಂದರೆ ‘ಆವೃತಿ’ ಅಂದರೆ ಹೊದಿಕೆ, ಮುಚ್ಚಳ. ನಮ್ಮ ಗೆಳೆಯರ ಪುಸ್ತಕದಲ್ಲಿ ಬದಲಾಗಿದ್ದು ಹೊದಿಕೆ ಮಾತ್ರ. ‘ಆವೃತಿ’ ಅಂತ ಅವರು ಬರೆದದ್ದು ತಪ್ಪು ಅಂತ ಹೇಗೆ ಹೇಳಲಿ?

ಇನ್ನು ಅರ್ಥದ ವಿಷಯ. ನನ್ನ ತಕರಾರು ನಿಜವಾಗಿ ಇರುವುದು ಇಲ್ಲಿ.

ಪುಸ್ತಕದ ಲೋಕದಲ್ಲಿ ಮುದ್ರಣ ಬೇರೆ, ಆವೃತ್ತಿ ಬೇರೆ. ಅದೇ ಪಠ್ಯವನ್ನು ಮತ್ತೆ ಅಚ್ಚು ಹಾಕಿಸಿದರೆ ಮರುಮುದ್ರಣ. ಪಠ್ಯವನ್ನೇ ತಿದ್ದಿ, ಸೇರಿಸಿ, ಕಳೆದು ತಂದರೆ ಹೊಸ ಆವೃತ್ತಿ. ನಮ್ಮೂರ ಲೆಕ್ಕದಲ್ಲಿ ಹೇಳುವುದಾದರೆ ತೊಡದೇವು ಅನ್ನುವ ಸಿಹಿತಿಂಡಿ ನೆನೆಸಿಕೊಳ್ಳಿ. ಒಲೆಯ ಮೇಲೆ ಮಗುಚಿಟ್ಟ ಮಡಕೆಗೆ ಹಿಟ್ಟು ತೊಡೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸುತ್ತಾರೆ. ಒಂದೇ ಪಾತ್ರೆಯ ಹಿಟ್ಟಿನಲ್ಲಿ ನೂರು ಎಬ್ಬಿಸಿ, ಮಧ್ಯಾಹ್ನ ಊಟ ಮಾಡಿ ಬಂದು ಇನ್ನೂ ಐವತ್ತು ಎಬ್ಬಿಸಿದರೆ ಅದು ಎರಡನೇ ಮುದ್ರಣ. ಬೆಲ್ಲ ಬಿಟ್ಟು ಕಬ್ಬಿನ ಹಾಲು ಹಾಕಿ ಹಿಟ್ಟನ್ನೇ ಬೇರೆ ಕಲಸಿದರೆ ಎರಡನೇ ಆವೃತ್ತಿ. ಡಬ್ಬಿ ಬದಲಾಯಿಸಿದರೆ ಎರಡೂ ಅಲ್ಲ.

ಇಲ್ಲಿ ಜಾಣ ಓದುಗರು ನನ್ನನ್ನು ಹಿಡಿಯುತ್ತಾರೆ. ಮೂಲ ಅರ್ಥ ‘ಮತ್ತೆ ಅದನ್ನೇ ಮಾಡುವುದು’ ಅಂತಾದರೆ ಬದಲಾವಣೆ ಇಲ್ಲದ ಮರುಮುದ್ರಣವೇ ನಿಜವಾದ ಆವೃತ್ತಿ ಅಲ್ವಾ? ಸಾವಿರ ಆವರ್ತನದಲ್ಲಿ ಭಟ್ಟರು ಪ್ರತಿ ಸಲ ಮಂತ್ರ ತಿದ್ದುತ್ತಾರಾ? ನ್ಯಾಯವಾದ ಪ್ರಶ್ನೆ. ಧಾತು ಹಿಡಿದು ಹೋದರೆ ಗೆಳೆಯರದೇ ಗೆಲುವು. ಆದರೆ ಪದ ಹುಟ್ಟಿದ ಮನೆಯಲ್ಲೇ ಉಳಿಯುವುದಿಲ್ಲ. ‘ನಿವೃತ್ತಿ’ ಅಂದರೆ ಹಿಂದಿರುಗುವುದು. ಹಾಗಂತ ಕಾರವಾರದ ಕಚೇರಿಯಿಂದ ನಿವೃತ್ತರಾದವರು ಮರುದಿನ ಹಿಂದಿರುಗಿ ಬಂದು ಕುರ್ಚಿಯಲ್ಲಿ ಕೂರುವುದಿಲ್ಲ.

ಹಿಂದಿಯವರು ಇದಕ್ಕೆ ‘ಸಂಸ್ಕರಣ’ ಅನ್ನುತ್ತಾರೆ. ಸಂಸ್ಕಾರ ಕೊಟ್ಟದ್ದು, ತಿದ್ದಿದ್ದು ಅಂತ ಪದವೇ ಹೇಳುತ್ತದೆ. ಮರಾಠಿಯವರು ನಮ್ಮ ಹಾಗೆ ‘ಆವೃತ್ತಿ’. 1862ರಿಂದ ಉತ್ತರ ಕನ್ನಡ ಮುಂಬೈ ಪ್ರಾಂತದಲ್ಲಿತ್ತು, ಕಾರವಾರದವರ ಕಿವಿಗೆ ಮರಾಠಿ ಹೊಸತಲ್ಲ. ಎರಡು ಭಾಷೆಯಲ್ಲೂ ಒಂದೇ ಪದ, ಒಂದೇ ಗೊಂದಲ. ‘ಸಂಸ್ಕರಣ’ ಬಂದಿದ್ದರೆ ಈ ಲೇಖನವೇ ಬೇಡವಾಗಿತ್ತು.

ಈ ಗೊಂದಲಕ್ಕೆ ಇನ್ನೊಂದು ಕಾರಣ ಹಳೆಯ ಅಚ್ಚುಕೂಟ. ಅಲ್ಲಿ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುತ್ತಿದ್ದರು. ಮೊಳೆ ಇರುತ್ತಿದ್ದದ್ದೇ ಕಡಿಮೆ. ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಅಚ್ಚಾದ ಕೂಡಲೇ ಮೊಳೆ ಬಿಡಿಸಿ ಖಾನೆಗೆ ಹಾಕಬೇಕು. ಇಲ್ಲದಿದ್ದರೆ ಮುಂದಿನ ಪುಟ ಜೋಡಿಸಲು ಮೊಳೆ ಇಲ್ಲ. ಹಾಗಾಗಿ ಐದು ವರ್ಷ ಬಿಟ್ಟು ಅದೇ ಪುಸ್ತಕ ಮತ್ತೆ ಬೇಕು ಅಂದರೆ ಮೊದಲ ಅಕ್ಷರದಿಂದ ಮತ್ತೆ ಜೋಡಿಸಬೇಕಿತ್ತು. ಹೇಗೂ ಜೋಡಿಸುತ್ತಾರೆ ಅಂತ ಲೇಖಕರು ಅಲ್ಲಲ್ಲಿ ತಿದ್ದುತ್ತಿದ್ದರು. ಜೋಡಿಸುವವರು ತಮ್ಮ ಪಾಲಿನ ಹೊಸ ತಪ್ಪು ಸೇರಿಸುತ್ತಿದ್ದರು. ಅಂದರೆ ಪ್ರತಿ ಮರುಮುದ್ರಣವೂ ಸ್ವಲ್ಪ ಬೇರೆಯದೇ ಪುಸ್ತಕ. ಮುದ್ರಣ, ಆವೃತ್ತಿ ಅಂತ ಆಗ ಬೇರೆ ಮಾಡಿ ಹೇಳುವ ಅಗತ್ಯ ಜಾಸ್ತಿ ಇರಲಿಲ್ಲ. ಆಫ್‌ಸೆಟ್ ಬಂತು, ಆಮೇಲೆ ಪಿಡಿಎಫ್ ಬಂತು. ಈಗ ಒಂದು ಅಕ್ಷರವೂ ಅಲುಗದೆ ಹತ್ತು ಸಲ ಅಚ್ಚು ಹಾಕಬಹುದು. ಕೆಲಸ ಎರಡಾಯಿತು. ಪದವೂ ಎರಡು ಇವೆ. ಬಳಸುವುದಕ್ಕೆ ಏನು ಕಷ್ಟ?

(ಅಚ್ಚಿನ ತಪ್ಪಿಗೆ ನಾವು ‘ಮುದ್ರಾರಾಕ್ಷಸನ ಹಾವಳಿ’ ಅನ್ನುತ್ತೇವಲ್ಲ, ಅದೂ ಹೀಗೆ ದಾರಿ ತಪ್ಪಿ ಬಂದ ಪದ. ವಿಶಾಖದತ್ತನ ನಾಟಕದಲ್ಲಿ ರಾಕ್ಷಸ ಅನ್ನುವುದು ಒಬ್ಬ ಮಂತ್ರಿಯ ಹೆಸರು, ಮುದ್ರೆ ಅಂದರೆ ಅವನ ಉಂಗುರ. ಅಚ್ಚುಕೂಟಕ್ಕೂ ಅವನಿಗೂ ಸಂಬಂಧವೇ ಇಲ್ಲ. ಆದರೆ ಈ ತಪ್ಪು ನನಗೆ ಇಷ್ಟ. ಹಾಗಾಗಿ ಬಿಟ್ಟಿದ್ದೇನೆ.)

ಆವೃತ್ತಿ ಅಂದರೆ ಹೇಗಿರಬೇಕು ಅನ್ನುವುದಕ್ಕೆ ನನ್ನ ಕಪಾಟಿನ ಉದಾಹರಣೆ ಕಿಟೆಲ್ ನಿಘಂಟು. ಮೊದಲು ಬಂದಿದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಅದನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಹಿಗ್ಗಿಸಿ, ಮದ್ರಾಸ್ ವಿಶ್ವವಿದ್ಯಾಲಯದಿಂದ 1968ರಿಂದ 1971ರವರೆಗೆ ನಾಲ್ಕು ಸಂಪುಟವಾಗಿ ತಂದರು. ಒಂದೇ ಸಂಪುಟ ಇದ್ದದ್ದು ನಾಲ್ಕಾಯಿತು. ಅದಕ್ಕೆ ‘ಪರಿಷ್ಕೃತ ಆವೃತ್ತಿ’ ಅನ್ನಿ, ತಲೆಬಾಗುತ್ತೇನೆ.

ಇದರ ಎದುರಿಗೆ ನನ್ನ ಸ್ವಂತ ಕಥೆ ಇಡುತ್ತೇನೆ. ಅಡಿಕೆ ತೋಟದ ಬಗ್ಗೆ ಒಂದು ಪುಸ್ತಕ ಆನ್‌ಲೈನಿನಲ್ಲಿ ಕಂಡಿತು. ಹಳೆಯದು ನನ್ನ ಹತ್ತಿರ ಇತ್ತು. ಹೊಸದರ ಮೇಲೆ ‘ಪರಿಷ್ಕೃತ ಎರಡನೇ ಆವೃತ್ತಿ’ ಅಂತಿತ್ತು. ಬೆಲೆ ನೂರು ರೂಪಾಯಿ ಜಾಸ್ತಿ. ಕೊಳೆರೋಗದ ಅಧ್ಯಾಯ ತಿದ್ದಿರಬಹುದು ಅಂತ ತರಿಸಿದೆ. ಮಳೆಗಾಲದ ಒಂದು ಮಧ್ಯಾಹ್ನ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಪುಟ ತಿರುಗಿಸಿದೆ. ಹಳೆಯದರಲ್ಲಿ ‘ಸುಣ್ಣ’ ಹೋಗಿ ‘ಸಣ್ಣ’ ಆಗಿದ್ದ ಜಾಗದಲ್ಲಿ ಹೊಸದರಲ್ಲೂ ‘ಸಣ್ಣ’ವೇ ಇತ್ತು. ಹಳೆಯದಕ್ಕೆ ಅಟ್ಟದ ಮೇಲೆ ಬೂಷ್ಟು ಹಿಡಿದಿತ್ತು, ಹೊಸದಕ್ಕೆ ಹಿಡಿದಿರಲಿಲ್ಲ. ಪರಿಷ್ಕರಣೆ ಅಂದರೆ ಅಷ್ಟೇ.

ಐಎಸ್‌ಬಿಎನ್ ಪದ್ಧತಿಯಲ್ಲಿ, ಅಂದರೆ ಪುಸ್ತಕಕ್ಕೆ ಗುರುತಿನ ಸಂಖ್ಯೆ ಕೊಡುವ ವ್ಯವಸ್ಥೆಯಲ್ಲಿ, ಮುದ್ರಣ ಮತ್ತು ಆವೃತ್ತಿಯ ನಡುವಿನ ಈ ಗೆರೆ ಸ್ಪಷ್ಟವಾಗಿಯೇ ಇದೆ. 2007ರಿಂದ ಅದು 13 ಅಂಕಿ. ನಮ್ಮ ದೇಶದವು 978-81 ಅಥವಾ 978-93ರಿಂದ ಶುರುವಾಗುತ್ತವೆ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಯಲ್ಲಿ ಲೇಖಕರು ತಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಿ ಪುಕ್ಕಟೆ ಪಡೆಯಬಹುದು. ಯಾರೋ ಮಧ್ಯವರ್ತಿಗೆ ದುಡ್ಡು ಕೊಟ್ಟೆವು ಅನ್ನುವವರನ್ನು ಕಂಡರೆ ಪಾಪ ಅನಿಸುತ್ತದೆ. ಅದೇ ಪಠ್ಯದ ಮರುಮುದ್ರಣಕ್ಕೆ ಹೊಸ ಸಂಖ್ಯೆ ಬೇಡ. ಬೆಲೆ ಏರಿಸಿದರೂ ಬೇಡ, ಮುಖಪುಟ ಬದಲಾಯಿಸಿದರೂ ಬೇಡ, ನಾಲ್ಕು ಅಚ್ಚಿನ ತಪ್ಪು ತಿದ್ದಿದರೂ ಬೇಡ. ಪಠ್ಯ ಗಮನಾರ್ಹವಾಗಿ ಬದಲಾದರೆ ಬೇಕು. ಗಟ್ಟಿ ರಟ್ಟಿನ ಪುಸ್ತಕ ಮಾಡಿದರೆ ಅಥವಾ ಇ-ಪುಸ್ತಕ ಮಾಡಿದರೆ ಅದಕ್ಕೂ ಬೇರೆ ಬೇಕು. ಹಾಗಾಗಿ ‘ಇ-ಪುಸ್ತಕ ಆವೃತ್ತಿ’ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಫೋನಿನಲ್ಲಿ ‘ಹೊಸ ಆವೃತ್ತಿ ಲಭ್ಯವಿದೆ’ ಅಂತ ಬರುವುದೂ ಸರಿಯೇ. ಅಲ್ಲಿ ಏನೋ ಬದಲಾಗಿರುತ್ತದೆ, ಬಹಳ ಸಲ ಕೆಟ್ಟದಕ್ಕೇ. ಪೇಪರಿನ ‘ಉತ್ತರ ಕನ್ನಡ ಆವೃತ್ತಿ’ಯೂ ಸರಿ. ಒಳಗಿನ ಪುಟದ ಸುದ್ದಿ ಬೇರೆ ಇರುತ್ತದಲ್ಲ.

ಕಾನೂನು ಮಾತ್ರ ನನ್ನ ಪರ ನಿಲ್ಲುವುದಿಲ್ಲ, ಒಪ್ಪಿಕೊಳ್ಳುತ್ತೇನೆ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಇನ್ನು ಮೂರು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ತಾವೇ ಪ್ರಕಾಶಕರಾದ ಲೇಖಕರಿಗೂ ಇದು ಅನ್ವಯಿಸುತ್ತದೆ. ಬಹಳ ಜನ ಕಳಿಸುವುದಿಲ್ಲ, ಅದು ಬೇರೆ ಜಗಳ. ಆ ಕಾಯ್ದೆಯಲ್ಲೇ ಒಂದು ವಿನಾಯಿತಿ ಇದೆ. ಎರಡನೇ ಅಥವಾ ಮುಂದಿನ ಆವೃತ್ತಿಯಲ್ಲಿ ಏನೂ ಸೇರಿಸದೆ, ಏನೂ ಬದಲಿಸದೆ ಇದ್ದರೆ ಮತ್ತೆ ಕಳಿಸಬೇಕಿಲ್ಲ. ಅಂದರೆ ಬದಲಾಗದ ಆವೃತ್ತಿಯೂ ಇರಬಹುದು ಅಂತ ಕಾಯ್ದೆ ಬರೆದವರು ಒಪ್ಪಿದ್ದಾರೆ. ಅದು ಮೊಳೆ ಜೋಡಿಸುವ ಕಾಲದ ಭಾಷೆ. ಆದರೂ ಬದಲಾಯಿತೋ ಇಲ್ಲವೋ ಅನ್ನುವ ಪ್ರಶ್ನೆಯೇ ಅಲ್ಲೂ ಮುಖ್ಯವಾಯಿತು ಅನ್ನುವುದನ್ನು ಗಮನಿಸಿ.

ಲೇಖಕರು ಯಾಕೆ ಹೀಗೆ ಬರೆಯುತ್ತಾರೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ‘ಮೂರನೇ’ ಅನ್ನುವ ಅಂಕಿಗೆ ಮಾರುವ ಶಕ್ತಿ ಇದೆ. ಜಾತ್ರೆಯಲ್ಲಿ ಯಾವ ಅಂಗಡಿ ಮುಂದೆ ಜನ ನಿಂತಿದ್ದಾರೋ ಅಲ್ಲಿಗೇ ಇನ್ನಷ್ಟು ಜನ ಹೋಗುತ್ತಾರೆ. ದೊಡ್ಡ ಪ್ರಕಾಶಕರ ಬೆಂಬಲ ಇಲ್ಲದ, ಅಂಗಡಿಯ ಕಪಾಟಿನಲ್ಲಿ ಜಾಗ ಸಿಗದ ಲೇಖಕರಿಗೆ ಪೋಸ್ಟರಿನ ಒಂದು ಸಾಲೇ ಬಂಡವಾಳ. ಅದಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ಆ ಅಂಕಿಗೆ ಬೆಲೆ ಇದ್ದದ್ದು ಒಂದು ಮುದ್ರಣ ಅಂದರೆ ಸಾವಿರ ಪ್ರತಿ ಅಂತ ಓದುಗರು ಅಂದುಕೊಳ್ಳುತ್ತಿದ್ದ ಕಾಲದಲ್ಲಿ. ಈಗ ಡಿಜಿಟಲ್ ಪ್ರೆಸ್ಸಿನಲ್ಲಿ ಐವತ್ತನ್ನೂ ಹಾಕಿಕೊಡುತ್ತಾರೆ. ಹತ್ತು ‘ಆವೃತ್ತಿ’ ಸೇರಿದರೆ ಐನೂರು ಪ್ರತಿ. ಅದಕ್ಕಿಂತ ‘ಇನ್ನೂರು ಪ್ರತಿ ಮುಗಿಯಿತು, ಮತ್ತೆ ಐವತ್ತು ಬಂದಿದೆ’ ಅಂತ ಬರೆದರೆ ನಾನಂತೂ ಕೂಡಲೇ ಹಣ ಹಾಕುತ್ತೇನೆ.

ಆರ್ಡರ್ ಬಂದ ಮೇಲೆ ಒಂದೊಂದೇ ಪ್ರತಿ ಅಚ್ಚು ಹಾಕಿ ಕಳಿಸುವ ವ್ಯವಸ್ಥೆಯಲ್ಲಂತೂ ಮುದ್ರಣದ ಲೆಕ್ಕವೇ ಬಿದ್ದುಹೋಗುತ್ತದೆ. ಪ್ರತಿಯೊಂದು ಪ್ರತಿಯೂ ಒಂದೊಂದು ಮುದ್ರಣ. ಅಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಲೇಖಕರು ರಾತ್ರಿ ಕೂತು ಎರಡು ಕಥೆಯ ಕೊನೆ ಬದಲಾಯಿಸಿ, ಹೊಸ ಫೈಲ್ ಏರಿಸಿ ಮಲಗುತ್ತಾರೆ. ಮಂಗಳವಾರ ತರಿಸಿದ ಓದುಗರ ಪುಸ್ತಕ ಒಂದು, ಗುರುವಾರ ತರಿಸಿದವರದ್ದು ಇನ್ನೊಂದು. ಕುಮಟಾದ ಕಾಲೇಜು ಹುಡುಗಿ ಪ್ರಬಂಧದಲ್ಲಿ 61ನೇ ಪುಟ ಅಂತ ಉಲ್ಲೇಖಿಸಿದರೆ, ಅವರ ಮೇಡಂ ಪುಸ್ತಕದಲ್ಲಿ 61ನೇ ಪುಟದಲ್ಲಿ ಆ ಮಾತೇ ಇಲ್ಲ. ಇದು ನಿಜವಾಗಿ ಹೊಸ ಆವೃತ್ತಿ. ಆದರೆ ಇಲ್ಲಿ ಯಾರೂ ಹೇಳುವುದಿಲ್ಲ. ಹೊಸ ಸಂಖ್ಯೆ ತೆಗೆದುಕೊಂಡರೆ ಮಾರಾಟದ ತಾಣದಲ್ಲಿ ಹೊಸ ಪುಟ ಮಾಡಬೇಕು, ಕಷ್ಟಪಟ್ಟು ಗಳಿಸಿದ ನಕ್ಷತ್ರಗಳೂ ವಿಮರ್ಶೆಗಳೂ ಹಳೆಯ ಪುಟದಲ್ಲೇ ಉಳಿದಾವು ಅಂತ ಭಯ. ಏನೂ ಬದಲಾಗದಿದ್ದಾಗ ‘ಆವೃತ್ತಿ’ ಅಂತ ಕೂಗುವುದು, ಬದಲಾದಾಗ ಸುಮ್ನೆ ಇರುವುದು. ನನಗೆ ಸಿಟ್ಟು ಬರುವುದು ಇದಕ್ಕೆ.

ಪುಸ್ತಕ ಕೊಳ್ಳಿ ಅಂತ ಗ್ರಂಥಾಲಯ ಇಲಾಖೆಗೆ ಅರ್ಜಿ ಹಾಕುವವರಿಗೆ ಇನ್ನೊಂದು ಮಾತು. ಅಲ್ಲಿ ಆಯಾ ವರ್ಷ ಮೊದಲ ಸಲ ಅಚ್ಚಾದ ಪುಸ್ತಕಗಳನ್ನು ಕರೆಯುತ್ತಾರೆ. ಎರಡು ತಿಂಗಳ ಉತ್ಸಾಹದಲ್ಲಿ ‘ಮೂರನೇ ಆವೃತ್ತಿ’ ಅಂತ ಮಾತ್ರ ಅಚ್ಚು ಹಾಕಿಸಿ, ಮೊದಲ ಮುದ್ರಣದ ವರ್ಷ ಕಾಣಿಸದ ಪ್ರತಿ ಕಳಿಸಿದರೆ ನೀವೇ ನಿಮ್ಮ ಕಾಲಿಗೆ ಕೊಡಲಿ ಹಾಕಿಕೊಂಡಂತೆ.

ಹಳೆಯ ಕನ್ನಡ ಪುಸ್ತಕದ ಎರಡನೇ ಪುಟ ತೆಗೆದು ನೋಡಿ. ಮೊದಲ ಮುದ್ರಣ ಯಾವ ವರ್ಷ, ಎರಡನೆಯದು ಯಾವಾಗ, ಪ್ರತಿಗಳು ಎಷ್ಟು, ಪುಟ ಎಷ್ಟು, ಕಾಗದ ಯಾವುದು, ಪುಸ್ತಕದ ಅಳತೆ ಡೆಮಿ 1/8ಓ ಕ್ರೌನೋ, ಹಕ್ಕು ಯಾರದು, ಎಲ್ಲ ಇರುತ್ತದೆ. ಕಾಗದದ ತೂಕ ಕೂಡ! ಅಷ್ಟು ಪ್ರಾಮಾಣಿಕವಾದ ಪುಟ ನಮ್ಮ ಪುಸ್ತಕಗಳಲ್ಲಿ ಇನ್ನೊಂದಿರಲಿಲ್ಲ. ಗೆಳೆಯರಿಗೆ ಅದೇ ಪುಟದ ಫೋಟೋ ಕಳಿಸಿ, ಕೆಳಗೆ ಹೀಗೆ ಬರೆದೆ: ‘ಮೊದಲ ಮುದ್ರಣ, 100 ಪ್ರತಿ. ಎರಡನೇ ಮುದ್ರಣ, 50. ಮೂರನೇ ಮುದ್ರಣ, 50, ಹೊಸ ಮುಖಪುಟದೊಂದಿಗೆ. ಇಷ್ಟು ಹಾಕಿ ಸಾಕು.’

ಸಂಜೆ ಹೊಸ ಪೋಸ್ಟರ್ ಬಂತು. ‘ಮೂರನೇ ಮುದ್ರಣ’ ಅಂತ ತಿದ್ದಿದ್ದರು. ಪಕ್ಕದಲ್ಲಿ, ಅದೇ ಕೆಂಪು ಅಕ್ಷರದಲ್ಲಿ, ‘ಲಿಮಿಟೆಡ್ ಎಡಿಷನ್’.