ಗಾಜಿನ ಮೇಲೆ ಏಳುವ ಗುಳ್ಳೆ

ಕುರುವಿನ ಕೀವು ಲ್ಯಾಬಿಗೆ ಬಂದರೆ ಮರುದಿನ ನಾವು ಮಾಡುವ ಮೊದಲ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ರಕ್ತ ಬೆರೆಸಿದ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಕಡ್ಡಿಯಲ್ಲಿ ಒಂಚೂರು ತೆಗೆದು ಸ್ಲೈಡಿಗೆ ಹಚ್ಚಿ, ಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಡುತ್ತೇವೆ. ಬುರುಬುರು ಗುಳ್ಳೆ ಎದ್ದರೆ ಸ್ಟೆಫೈಲೊಕಾಕಸ್ ಇರಬಹುದು. ಏಳದಿದ್ದರೆ ಸ್ಟ್ರೆಪ್ಟೊಕಾಕಸ್ ಕಡೆ ನೋಡುತ್ತೇವೆ. (ತಟ್ಟೆಯ ರಕ್ತ ಕಡ್ಡಿಗೆ ತಾಗಬಾರದು. ಗುಳ್ಳೆ ಎಬ್ಬಿಸುವ ಕೆಟಲೇಸ್ ಎಂಬ ಕಿಣ್ವ ಕೆಂಪು ಕಣದಲ್ಲೂ ಇದೆ, ಸುಮ್ನೆ ಗುಳ್ಳೆ ಎದ್ದು ಹೊಸಬರನ್ನು ಏಮಾರಿಸುತ್ತದೆ.)

ಕಲಿಯಲು ಬಂದವರು 'ಕೆಟಲೇಸ್ ಪಾಸಿಟಿವ್' ಎಂದು ಬರೆದು ಮುಂದೆ ಹೋಗುತ್ತಾರೆ. ಬ್ಯಾಕ್ಟೀರಿಯಾ ಈ ಕಿಣ್ವ ಇಟ್ಟುಕೊಂಡಿರುವುದು ನಮ್ಮ ಪರೀಕ್ಷೆಗಲ್ಲ, ಅಲ್ವಾ? ಬಿಳಿ ರಕ್ತಕಣ ಅದನ್ನು ನುಂಗಿದ ಮೇಲೆ ಕೊಲ್ಲಲು ಪೆರಾಕ್ಸೈಡ್ ತಯಾರಿಸುತ್ತದೆ. ಕೆಟಲೇಸ್ ಆ ಪೆರಾಕ್ಸೈಡನ್ನು ನೀರು, ಆಮ್ಲಜನಕ ಮಾಡಿಬಿಡುತ್ತದೆ. ಸ್ಲೈಡಿನ ಮೇಲೆ ಕಾಣುವುದು ಅದೇ ಜಗಳ.

ಮುಂದಿನ ಪರೀಕ್ಷೆ ಕೊಯಾಗ್ಯುಲೇಸ್ ಎಂಬ ಕಿಣ್ವಕ್ಕೆ. ಮೊಲದ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗ) ಕಲಸಿ 37 ಡಿಗ್ರಿಯಲ್ಲಿ 4 ಗಂಟೆ ಇಟ್ಟರೆ, ಇರುವುದು ಸ್ಟೆಫೈಲೊಕಾಕಸ್ ಗುಂಪಿನ ಆರಿಯಸ್ ಆದರೆ, ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಸ್ಟೆಫೈಲೊಕಾಕಸ್ ಆರಿಯಸ್ ಮೈಯೊಳಗೂ ಹೀಗೇ ನಮ್ಮದೇ ರಕ್ತವನ್ನು ಹೆಪ್ಪುಗಟ್ಟಿಸಿ, ಅದರ ಮರೆಯಲ್ಲಿ ಕೂರುತ್ತದೆ.

ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ಆರಿಯಸ್‌ನ ಡಿಎನ್‌ಏಸ್, ಅಂದರೆ ಡಿಎನ್‌ಎ ಕತ್ತರಿಸುವ ಕಿಣ್ವ. ಡಿಎನ್‌ಎ ಬೆರೆಸಿದ ತಟ್ಟೆಗೆ ಆಮ್ಲ ಸುರಿದರೆ ಬೆಳವಣಿಗೆಯ ಸುತ್ತ ತಿಳಿಯಾದ ಉಂಗುರ ಕಾಣುತ್ತದೆ. ಅಲ್ಲಿನ ಡಿಎನ್‌ಎ ಚೂರಾಗಿದೆ ಎಂದರ್ಥ. ಇದರಿಂದ ಅದಕ್ಕೇನು ಲಾಭ? 2004ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ಒಂದು ವಿಚಿತ್ರ ತೋರಿಸಿದರು. ನ್ಯೂಟ್ರೋಫಿಲ್ ಎಂಬ ಬಿಳಿ ಕಣ ತನ್ನದೇ ಡಿಎನ್‌ಎಯನ್ನು ಮೀನಿನ ಬಲೆಯಂತೆ ಹೊರಗೆ ಬೀಸಿ ಬ್ಯಾಕ್ಟೀರಿಯಾವನ್ನು ಹಿಡಿಯುತ್ತದೆ. ಆ ಬಲೆಯನ್ನೇ ಆರಿಯಸ್ ಕತ್ತರಿಸುತ್ತದೆ. ಅಷ್ಟಕ್ಕೇ ಬಿಡುವುದಿಲ್ಲ. ಇನ್ನೊಂದು ಕಿಣ್ವದಿಂದ ಆ ಚೂರುಗಳನ್ನು ಡಿಆಕ್ಸಿಅಡೆನೊಸಿನ್ ಎಂಬ ವಸ್ತುವಾಗಿ ಮಾಡುತ್ತದೆ. ಸಹಾಯಕ್ಕೆ ಬರುವ ಮ್ಯಾಕ್ರೋಫೇಜ್ ಎಂಬ ಬಿಳಿ ಕಣಗಳಿಗೆ ಅದು ವಿಷ. ನಮ್ಮ ಬಲೆಯ ದಾರದಿಂದಲೇ ನಮಗೆ ನೇಣು!

ಗುಳ್ಳೆ ಏಳಲಿಲ್ಲ ಎಂದು ಸ್ಟ್ರೆಪ್ಟೊಕಾಕಸ್ ಸಾಧು ಅಂದುಕೊಳ್ಳಬೇಡಿ. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಬಳಿ ಐಡಿಇಎಸ್ ಎಂಬ ಕಿಣ್ವದ ಕತ್ತರಿ ಇದೆ. ಅದು ಬ್ಯಾಕ್ಟೀರಿಯಾವನ್ನು ಹಿಡಿಯುವ ನಮ್ಮ ಪ್ರತಿಕಾಯವನ್ನು (ಆಂಟಿಬಾಡಿ) ನಡುವಿಗೆ ಕತ್ತರಿಸುತ್ತದೆ. ಪ್ರತಿಕಾಯದ ಕೈಗಳು ಬ್ಯಾಕ್ಟೀರಿಯಾವನ್ನು ಹಿಡಿದೇ ಇರುತ್ತವೆ, ಬಿಳಿ ಕಣವನ್ನು ಕರೆಯಬೇಕಾದ ಬಾಲ ಮಾತ್ರ ಇರುವುದಿಲ್ಲ. ಇದೇ ಕತ್ತರಿಯನ್ನು ಈಗ ಔಷಧಿ ಮಾಡಿಕೊಂಡಿದ್ದಾರೆ. ದಾನಿಯ ಕಿಡ್ನಿಯನ್ನು ಒಪ್ಪದ ಪ್ರತಿಕಾಯಗಳು ತುಂಬಿರುವ ರೋಗಿಗಳಿಗೆ ಕಸಿಯ ಮೊದಲು ಕೊಡಲು ಯುರೋಪ್ 2020ರಲ್ಲಿ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು. ಕೆಲವೇ ಗಂಟೆಗಳಲ್ಲಿ ಆ ಪ್ರತಿಕಾಯಗಳು ಬಹುಪಾಲು ತುಂಡಾಗುತ್ತವೆ. ಮೈ ಮತ್ತೆ ಹೊಸದನ್ನು ತಯಾರಿಸುವ ಮೊದಲು ಕಿಡ್ನಿ ಕೂರಿಸಬೇಕು.